ನಡುವೃತ್ತಕ್ಕೊಬ್ಬ

ಮದ್ರಾಸಿನ ಕಾಗದ ಬಂದಾಗ ಮಹಾಲಿಂಗಂ ಆಟದ ಕಣದಲ್ಲಿ ಕಲ್ಲು ಹೆಕ್ಕುತ್ತಿದ್ದ. ಓದಿ ಮಡಚಿ ಜೇಬಿಗಿಟ್ಟ. ಹತ್ತು ಹೆಜ್ಜೆ ನಡೆದು ಮತ್ತೆ ತೆಗೆದು ಓದಿದ. ಡಿಸೆಂಬರ್ ಎರಡನೆಯ ಶನಿವಾರ ಆಯ್ಕೆ. ಹೊಸದಾಗಿ ದೇಶದ ತಂಡ ಕಟ್ಟುತ್ತಿದ್ದೇವೆ, ಹಳಬರು ಯಾರೂ ಬೇಡ, ಬೆಟ್ಟದ ಕಡೆಯ ಎತ್ತರದ ಹುಡುಗರಿದ್ದರೆ ಕರೆತಾ ಎಂದು ಅವನಿಗೆ ವ್ಯಾಯಾಮ ಕಲಿಸಿದ ಬಿಳಿ ದೊರೆ ಬರೆದಿದ್ದರು.

ಹಳಬರು ಬೇಡ ಎಂಬ ಮಾತು ಮಹಾಲಿಂಗನನ್ನು ನೋಯಿಸಲಿಲ್ಲ. ಆ ಹಳಬರಲ್ಲಿ ಅವನೂ ಒಬ್ಬ. ಮೂರು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಎದೆಯ ಮೇಲೆ ಇಂಡಿಯಾ ಎಂದು ಹೊಲಿಸಿಕೊಂಡು ಬಾಸ್ಕೆಟ್‌ಬಾಲ್ ಆಡಲು ಕೊಲಂಬೊಗೆ ಹೋದವರು ಏಳು ಜನ. ತನ್ನೂರು ತುಮ್ಮನಟ್ಟಿಯ ಆಲೂಗೆಡ್ಡೆ ಹೊಲದಿಂದ ಹೋದವನು ಇವನೊಬ್ಬನೇ. ಅಲ್ಲಿ ಬಂದರಿಗೆ ಬಂದಿದ್ದ ಒಂದು ಅಮೆರಿಕನ್ ಹಡಗಿನ ನಾವಿಕರು ಎದುರಾಳಿಗಳು. ಆಗಿನ ನಿಯಮದಲ್ಲಿ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಅದು ಮತ್ತೆ ಕಣದ ನಡುವೃತ್ತಕ್ಕೆ ಬರಬೇಕು. ಎರಡೂ ಕಡೆಯ ಒಬ್ಬೊಬ್ಬರು ಎದುರುಬದುರು ನಿಂತು ಜಿಗಿಯಬೇಕು. ನಾವಿಕರ ಕಡೆ ಜಿಗಿಯುತ್ತಿದ್ದವನು ಇವರೆಲ್ಲರಿಗಿಂತ ಒಂದು ಗೇಣು ಎತ್ತರ. ಅವರೇ ಬುಟ್ಟಿಗೆ ಹಾಕುತ್ತಿದ್ದರು, ಚೆಂಡು ನಡುವೃತ್ತಕ್ಕೆ ಬರುತ್ತಿತ್ತು, ಮತ್ತೆ ಅವರಿಗೇ ಸಿಗುತ್ತಿತ್ತು. ಮೂರು ಆಟದಲ್ಲಿ ಮಹಾಲಿಂಗನ ಕೈಗೆ ಚೆಂಡು ಬಂದದ್ದು ಎಷ್ಟು ಸಲ ಎಂದರೆ ಅವನು ಬೆರಳು ಮಡಚಿ ಹೇಳಬಲ್ಲ. ಮದ್ರಾಸಿಗೆ ವಾಪಸಾದ ದಿನವೇ ತಂಡ ಮುರಿಯಿತು. ಸ್ಟೇಷನ್ನಿನಲ್ಲಿ ಯಾರೂ ಯಾರಿಗೂ ಹೋಗಿ ಬರುತ್ತೇನೆ ಎನ್ನಲಿಲ್ಲ.

ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಒಂದೇ ವಿಷಯ. ಉಳಿದ ನಾಲ್ವರು ಹೇಗಿದ್ದರೂ ನಡೆಯುತ್ತದೆ, ನಡುವೃತ್ತಕ್ಕೊಬ್ಬ ಬೇಕು. ಕಟ್ಟಬೆಟ್ಟಿನ ಮೇಲಿನ ಶಾಲೆಯಲ್ಲಿ ಡ್ರಿಲ್ ವಾತ್ಯಾರ, ಎಂದರೆ ಮೇಷ್ಟರ, ಕೆಲಸ ಸಿಕ್ಕಿದ ಎರಡನೆಯ ವರ್ಷ ಅಂಥವನು ಸಿಕ್ಕಿದ. ಹೆಸರು ಲಿಂಗ, ಕೆಳಗಿನ ಹಟ್ಟಿಯ ವಿಧವೆ ಕೆಂಪಿಯ ಮಗ, ಈಗ ಹದಿನೇಳು. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸುವ ಎತ್ತರ. ಕಣ ಇಳಿಜಾರಿನ ಅಂಚಿನಲ್ಲಿತ್ತು, ಚೆಂಡು ಕೈತಪ್ಪಿದರೆ ಟೀ ಗಿಡಗಳ ನಡುವೆ ಉರುಳಿ ಹಳ್ಳ ಸೇರುತ್ತಿತ್ತು, ತರಲು ಕಾಲು ಗಂಟೆ. ಲಿಂಗ ಎರಡು ವರ್ಷದಲ್ಲಿ ಹಳ್ಳಕ್ಕೆ ಇಳಿದದ್ದು ಎರಡೋ ಮೂರೋ ಸಲ. ಅವನ ಹಟ್ಟಿಯಲ್ಲಿ ಹೆಂಗಸರು ಹಾಲು ಕರೆಯುವಂತಿಲ್ಲ, ಅದು ಗಂಡಸರ ಕೆಲಸ. ಅಪ್ಪನಿಲ್ಲದ ಮನೆಯಲ್ಲಿ ಏಳನೆಯ ವಯಸ್ಸಿನಿಂದ ನಾಲ್ಕು ಎಮ್ಮೆ ಕರೆದ ಕೈ ಅದು. ಚೆಂಡು ಆ ಬೆರಳುಗಳಿಗೆ ಅಂಟಿಕೊಳ್ಳುತ್ತಿತ್ತು.

ಇನ್ನೊಬ್ಬ ಗೋಪಾಲನ್, ಗೂಡಲೂರಿನವನು, ಬೋರ್ಡಿಂಗಿನಲ್ಲಿದ್ದ. ಚುರುಕು, ಆದರೆ ಕುಳ್ಳ. ಇಬ್ಬರನ್ನೂ ಕರೆದೊಯ್ಯುವುದೆಂದು ತೀರ್ಮಾನಿಸಿ ದೊರೆಗೆ ಕಾಗದ ಬರೆದ. ಹಿರಿಯರ ಅಪ್ಪಣೆ ಕೇಳಿ ಬಾ ಎಂದು ಮಹಾಲಿಂಗಂ ಲಿಂಗನನ್ನು ಹಟ್ಟಿಗೆ ಕಳಿಸಿದ.

ವಾರದ ಮೇಲೆ ಹಟ್ಟಿಯ ಮೂವರು ಹಿರಿಯರು ಶಾಲೆಗೇ ಬಂದರು. ಬಿಳಿ ಹೊದಿಕೆ, ಮುಂಡಾಸು. ಮುಂದೆ ಜೋಗಿ ಗೌಡ, ಊರ ಗೌಡ ಅವನೇ. ಮೂವರೂ ಕಣದ ಅಂಚಿನಲ್ಲಿ ನಿಂತು ಆಟ ನೋಡಿದರು. ಜೋಗಿ ಗೌಡ ಕೋಲೆತ್ತಿ ಬುಟ್ಟಿ ತೋರಿಸಿದ.

“ವಾತ್ಯಾರೆ, ಇದಕ್ಕೆ ಬುಡವೇ ಇಲ್ಲೆ. ಹಾಕಿದ್ದೆಲ್ಲ ಕೆಳಗೆ ಬೀಳ್ತದೆ. ಮತ್ತೆ ಏನಕ ಹಾಕೋದು?”

“ಬಿದ್ದರೇ ಗೆಲುವು, ಗೌಡರೆ.”

“ಎಂಗ ಹಟ್ಟಿಯ ಹೆಂಗಸರು ಇಂಥ ಬುಟ್ಟಿ ತಂದರೆ ಅದನ್ನ ಹೆಣೆದವನನ್ನ ಅಟ್ಟಿಕೊಂಡು ಹೋಗ್ತಾರೆ.”

ಉಳಿದಿಬ್ಬರೂ ನಕ್ಕರು, ಮಹಾಲಿಂಗನೂ ನಕ್ಕ. ಎರಡು ವರ್ಷದ ಹಿಂದೆ ಇದೇ ಗೌಡ ಚೆಂಡು ಯಾವುದರದ್ದು ಎಂದು ಕೇಳಿದ್ದ. ದನದ ತೊಗಲು ಎಂದರೆ ಹಟ್ಟಿಯ ಹುಡುಗರು ಯಾರೂ ಬರುವುದಿಲ್ಲವೆಂದು ಇವನು ರಬ್ಬರು ಎಂದಿದ್ದ. ಒಳಗಿನ ಬ್ಲಾಡರ್ ರಬ್ಬರೇ, ಪೂರ್ತಿ ಸುಳ್ಳಲ್ಲ ಎಂದು ತನಗೇ ಹೇಳಿಕೊಂಡಿದ್ದ. ಈಗ ಆ ಮಾತು ಎದ್ದಿಲ್ಲ ಎಂದು ನಿರಾಳವಾಯಿತು.

ಆಮೇಲೆ ಅವರು ಲಿಂಗನ ಬಗ್ಗೆ ಕೇಳಿದರು. ಬೋರ್ಡಿಂಗಿನ ಹುಡುಗರ ಜೊತೆ ಮಾಂಸ ತಿನ್ನುತ್ತಾನೋ, ಬೀಡಿ ಉಂಟೋ, ಬೈದರೆ ತಿರುಗಿ ಮಾತಾಡುತ್ತಾನೋ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ, ಮೈಮೇಲೆ ಹುಣ್ಣು ಗಾಯ ಏನಾದರೂ ಇದೆಯೋ, ಹೆಣ್ಣುಮಕ್ಕಳ ಕಡೆ ಕಣ್ಣು ಹೇಗೆ. ಮದ್ರಾಸಿಗೆ ಹುಡುಗನನ್ನು ಕಳಿಸಲು ಇವರಿಗೆ ಇಷ್ಟೊಂದು ಭಯವೇ ಎಂದುಕೊಂಡು ಮಹಾಲಿಂಗಂ ಒಂದೊಂದಕ್ಕೂ ಉತ್ತರ ಕೊಟ್ಟ. ಕೊಡುತ್ತ ಕೊಡುತ್ತ ಅವನಿಗೇ ಹುರುಪು ಹತ್ತಿತು. ಮಾಂಸ ಮುಟ್ಟುವುದಿಲ್ಲ, ನಾಲ್ಕಕ್ಕೆ ಎದ್ದು ತಣ್ಣೀರು ಮೀಯುತ್ತಾನೆ, ಎರಡು ವರ್ಷದಲ್ಲಿ ಅವನ ಬಾಯಿಂದ ಒಂದು ಕೆಟ್ಟ ಮಾತು ಕೇಳಿಲ್ಲ, ಇಂಥ ಇನ್ನೊಬ್ಬನನ್ನು ನಿಮ್ಮ ಹಟ್ಟಿ ಹೆತ್ತಿಲ್ಲ ಎಂದ. ಒಂದೂ ಸುಳ್ಳಲ್ಲ.

ಜೋಗಿ ಗೌಡ ತಲೆಯಾಡಿಸಿದ. “ಒಳ್ಳೆದು. ನೀನೂ ಎಂಗ ಪೈಕಿಯವನೇ. ನಿನ್ನ ಮಾತು ಸಾಕು.”

ಯಾಕೆ ಕೇಳಿದೆವು ಎಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಮುಂದಿನ ಸೋಮವಾರ ಲಿಂಗ ಆಟಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಶಾಲೆ ಮುಗಿಸಿ ಮಹಾಲಿಂಗಂ ಹಟ್ಟಿಗೆ ಇಳಿದ. ಕೆಂಪಿ ಅಂಗಳದಲ್ಲಿ ಕೊರಲಿ ಕಾಳು ಒಣಹಾಕುತ್ತಿದ್ದಳು. ಇವನನ್ನು ಕಂಡು ಒಳಗೆ ಹೋಗಿ ಲಿಂಗನ ಕ್ಯಾನ್‌ವಾಸ್ ಬೂಟು ತಂದು ಜಗಲಿಯ ಮೇಲಿಟ್ಟಳು. ತೊಳೆದು ಒಣಗಿಸಿದ್ದಳು. ಆಯ್ಕೆಗೆಂದು ಮಹಾಲಿಂಗಂ ಕುನ್ನೂರಿನಿಂದ ತರಿಸಿಕೊಟ್ಟ ಬೂಟು.

“ಬೇರೆ ಆರಿಗಾದರೂ ಕೊಡಿ ವಾತ್ಯಾರೆ. ಇಷ್ಟು ಉದ್ದದ ಕಾಲು ಬೇರೆ ಆರಿಗೂ ಇಲ್ಲೆ, ಆದರೂ.”

ಹುಡುಗ ಎಲ್ಲಿ ಎಂದು ಕೇಳುವ ಮೊದಲೇ ಅವನಿಗೆ ತಿಳಿದುಹೋಯಿತು. ಹೊಲದಾಚೆ ಹಟ್ಟಿಯವರ ದೇವತೆ ಹೆತ್ತೆಯ ಗುಡಿ ಕಾಣುತ್ತಿತ್ತು, ಹೊಸ ಹುಲ್ಲು ಹೊದಿಸಿದ್ದರು. ಗುಡಿಯ ದನ ಕರೆಯಲು, ದೀಪ ಹಚ್ಚಲು ಹಟ್ಟಿಯ ಒಬ್ಬ ಮದುವೆಯಾಗದ ಹುಡುಗ ಬೇಕು. ಮದುವೆಯಾಗುವವರೆಗೆ ಅವನು ಅಲ್ಲೇ ಇರಬೇಕು, ತಾನೇ ಬೇಯಿಸಿ ತಿನ್ನಬೇಕು. ಮನೆಗೆ ಬರುವಂತಿಲ್ಲ, ಅಂಗಡಿ ಬಸ್ಸು ಇಲ್ಲ, ಯಾರೂ ಅವನನ್ನು ಮುಟ್ಟುವಂತಿಲ್ಲ. ಹಳೆಯ ಹುಡುಗನಿಗೆ ಮದುವೆ ಗೊತ್ತಾಗಿತ್ತು. ಹೊಸಬನನ್ನು ಆರಿಸುವಾಗ ಹಿರಿಯರು ಅವನನ್ನು ಬಲ್ಲವರ ಬಳಿ ಹೋಗಿ ವಿಚಾರಿಸುತ್ತಾರೆ. ಯಾಕೆಂದು ಹೇಳುವುದಿಲ್ಲ, ಹೇಳಿದರೆ ಜನ ಬೇಕೆಂದೇ ಹೊಗಳುತ್ತಾರೆ ಇಲ್ಲವೇ ತೆಗಳುತ್ತಾರೆ ಎಂದು. ಮಹಾಲಿಂಗಂ ಹುಡುಗನಾಗಿದ್ದಾಗ ತುಮ್ಮನಟ್ಟಿಯಲ್ಲೂ ಹೀಗೇ ಬಂದಿದ್ದರು, ಅವನ ದೊಡ್ಡಪ್ಪನ ಮಗನ ಬಗ್ಗೆ ಇದೇ ಪ್ರಶ್ನೆ ಕೇಳಿದ್ದರು. ಮೈಮೇಲೆ ಹುಣ್ಣು ಗಾಯ ಉಂಟೋ ಎಂದಾಗಲೇ ಗೊತ್ತಾಗಬೇಕಿತ್ತು. ಮದ್ರಾಸಿಗೆ ಹೋಗುವವನ ಮೈಯ ಗಾಯ ಯಾರಿಗೆ ಬೇಕು? ಕಾಗದ ಬಂದ ದಿನದಿಂದ ಅವನ ಕಿವಿಗೆ ಮದ್ರಾಸು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

ನಿನಗೆ ಒಪ್ಪಿಗೆಯೇ ಎಂದು ಕೆಂಪಿಯನ್ನು ಕೇಳಿದ. ಅವಳು ಕೊರಲಿಯ ಕಡೆ ನೋಡುತ್ತ ಹೇಳಿದಳು. ಗಂಡ ಸತ್ತ ಮೇಲೆ ಈ ಮನೆಯ ಹೆಸರನ್ನು ಹಟ್ಟಿಯಲ್ಲಿ ಯಾರೂ ಎತ್ತಿರಲಿಲ್ಲ, ಈಗ ಮೊದಲು ಇದರ ಹೆಸರು. ಮಗನನ್ನು ಮುಟ್ಟಬೇಕಾದರೆ ಅವನ ಮದುವೆಯಾಗಬೇಕು. ಸೊಸೆ ಮುಟ್ಟಿದ ಮೇಲೆ ತನ್ನ ಸರದಿ.

ಮಹಾಲಿಂಗಂ ಹಟ್ಟಿಯ ನಡುವೆ ಪಂಚಾಯಿತಿ ಸೇರುವ ಸುತ್ತುಕಲ್ಲಿಗೆ ಹೋದ. ಹಿರಿಯರು ಅಲ್ಲೇ ಬಿಸಿಲು ಕಾಯುತ್ತಿದ್ದರು. ದಾರಿಯಲ್ಲಿ ಸುಳ್ಳೊಂದನ್ನು ಯೋಚಿಸಿದ್ದ. ಹುಡುಗ ಕುನ್ನೂರಿನಲ್ಲಿ ಮಾಂಸ ತಿಂದದ್ದನ್ನು ಕಂಡೆ ಎಂದರೆ ಸಾಕು, ಗುಡಿಯಿಂದ ಬಿಡುತ್ತಾರೆ. ಆದರೆ ಆಮೇಲೆ ಆ ಮನೆಗೆ ಯಾವ ಹಟ್ಟಿಯೂ ಹೆಣ್ಣು ಕೊಡುವುದಿಲ್ಲ. ಅದನ್ನು ನುಂಗಿಕೊಂಡು, ಉಳಿದ ಒಂದೇ ನಿಜವನ್ನು ಹೇಳಿದ. ಚೆಂಡು ರಬ್ಬರಿನದಲ್ಲ, ದನದ ತೊಗಲು, ಲಿಂಗ ಎರಡು ವರ್ಷ ದಿನವೂ ಅದನ್ನು ಮುಟ್ಟಿದ್ದಾನೆ, ಅವನು ಗುಡಿಗೆ ಆಗುವುದಿಲ್ಲ.

ಜೋಗಿ ಗೌಡನಿಗೆ ಸಿಟ್ಟು ಬರಲಿಲ್ಲ.

“ಎನಗ ಗೊತ್ತು. ಮೊದಲ ದಿನದಿಂದ ಗೊತ್ತು. ಮೂಗು ಎನಗೂ ಉಂಟು, ತೊಗಲು ಮಳೆಯಲ್ಲಿ ನೆನೆದರೆ ನಾರ್ತದೆ. ನೀ ರಬ್ಬರು ಅಂದೆ. ಮಕ್ಕಳು ಆಡಲಿ ಅಂತ ಎಂಗ ಸುಮ್ಮನಿದ್ದೆವು.”

“ಹಾಗಾದರೆ ಅವನನ್ನು ಬಿಡಿ.”

“ಆ ಮೈಲಿಗೆಗೆ ಅವಂಗೆ ಹಳ್ಳದಲ್ಲಿ ಮೂರು ಮುಳುಗು ಸಾಕು. ಭಾನುವಾರವೇ ಮುಳುಗಿಸಿಯಾಯ್ತು. ಸುಳ್ಳು ಹೇಳಿದ್ದು ನೀ, ಅದು ನೀರಲ್ಲಿ ಹೋಗೋದಲ್ಲ. ಇವತ್ತು ನಿನ್ನ ಬಾಯಿಂದ್ಲೇ ಬಂತು, ಇನ್ನು ಎಂಗ ಸುಮ್ಮನಿಪ್ಪಕ್ಕಿಲ್ಲೆ. ಹೆತ್ತೆಯ ಹಬ್ಬದವರೆಗೆ ನಿನಗೆ ಈ ಹಟ್ಟಿಯ ನೀರಿಲ್ಲೆ. ಹೋಗು.”

ಮಹಾಲಿಂಗಂ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೆಟ್ಟವರು ಯಾರೂ ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ವಾಪಸು ಏರುವ ದಾರಿ ಗುಡಿಯ ಕಲ್ಲುಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಲಿಂಗ ಒಳಗೆ ಕೂತು ಹಸು ಕರೆಯುತ್ತಿದ್ದ. ಸೊಂಟಕ್ಕೆ ಒಂದು ಬಿಳಿ ಬಟ್ಟೆ, ಮೊಣಕಾಲ ನಡುವೆ ಬಿದಿರಿನ ಪಾತ್ರೆ. ಅಷ್ಟು ಉದ್ದದ ಕಾಲನ್ನು ಮಡಚಿ ಕೂರಲು ಅವನಿಗೆ ಕಷ್ಟವಾಗುತ್ತಿತ್ತು. ಮಹಾಲಿಂಗಂ ಗೋಡೆಯ ಹೊರಗೆ ನಿಂತ.

“ಸಾರ್, ನಿಂಗ ನನ್ನ ಬಗ್ಗೆ ತುಂಬ ಒಳ್ಳೆದು ಹೇಳಿದಿರಂತೆ,” ಎಂದ ಲಿಂಗ, ಕೈ ನಿಲ್ಲಿಸದೆ.

“ನಿನಗೆ ಹೋಗುವ ಆಸೆ ಇತ್ತಲ್ಲ?”

“ಇತ್ತು.”

ಹಾಲು ಪಾತ್ರೆಗೆ ಬೀಳುವ ಸದ್ದು ಒಂದೇ ಸಮ ಇತ್ತು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಬಸ್ಸು ತಿರುವಿನಲ್ಲಿ ನಿಲ್ಲುತ್ತದೆ, ಬಂದುಬಿಡು ಎಂದು ಮಹಾಲಿಂಗಂ ತಗ್ಗಿದ ದನಿಯಲ್ಲಿ ಹೇಳಿದ. ಹೇಳುವಾಗಲೇ ಅದು ಎಷ್ಟು ಹಗುರದ ಮಾತು ಎಂದು ಅವನಿಗೆ ಕೇಳಿಸಿತು.

“ನಾ ಬಂದರೆ ಅವ್ವ ಈ ಹಟ್ಟಿಯಲ್ಲಿ ಹೆಂಗೆ ಇಪ್ಪದು ಸಾರ್?”

ಹಸು ಕಾಲು ಎತ್ತಿಟ್ಟಿತು. ಲಿಂಗ ಒಂದು ಹನಿಯೂ ಚೆಲ್ಲದಂತೆ ಪಾತ್ರೆಯನ್ನು ಪಕ್ಕಕ್ಕೆ ಎಳೆದುಕೊಂಡ.

ಶುಕ್ರವಾರ ಬಸ್ಸು ತಿರುವಿನಲ್ಲಿ ನಿಂತಿತು. ಗೋಪಾಲನ್ ಕಿಟಕಿಯ ಬಳಿ ಕೂತಿದ್ದ, ಮಹಾಲಿಂಗಂ ಕೆಳಗಿಳಿದು ಹಟ್ಟಿಯ ದಾರಿ ನೋಡುತ್ತ ನಿಂತ. ಹೊಲದ ಮೇಲೆ ಹಿಮ ಬಿದ್ದು ಬೆಳ್ಳಗಾಗಿತ್ತು, ಹೆಜ್ಜೆಗುರುತಿರಲಿಲ್ಲ. ಡ್ರೈವರ್ ಮುರುಗನ್ ಎರಡು ಸಲ ಹಾರನ್ ಒತ್ತಿ, ಮೇಟುಪಾಳ್ಯದ ರೈಲು ನಿನಗಾಗಿ ಕಾಯುವುದಿಲ್ಲ ಎಂದ. ಮಹಾಲಿಂಗಂ ಹತ್ತಿದ.

ಮದ್ರಾಸಿನಲ್ಲಿ ಗೋಪಾಲನ್ ಲಿಂಗನ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡು ಆಡಿದ. ಹನ್ನೆರಡು ಸಲ ನಡುವೃತ್ತದಲ್ಲಿ ಜಿಗಿದ, ಒಂದು ಸಲ ಚೆಂಡು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಿಂದ ಹೊರಗೆ. ದೊರೆ ಬೈಯಲಿಲ್ಲ, ಕಾಗದದಲ್ಲಿ ನೀನು ಬರೆದ ಆ ಎತ್ತರದ ಹುಡುಗ ಎಲ್ಲಿ ಎಂದಷ್ಟೇ ಕೇಳಿದರು. ಬಾರದವರ ಬಗ್ಗೆ ತುಂಬಲು ಒಂದು ಹಾಳೆ ಕೊಟ್ಟರು. ಹೆಸರು, ವಯಸ್ಸು, ಎತ್ತರ ತುಂಬಿದ. ಕಾರಣ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಕಾಯಿಲೆ ಎಂದು ಬರೆಯಬಹುದಿತ್ತು. ಸುಳ್ಳು ಹೇಳಿ ಆದದ್ದು ಸಾಕು ಎನಿಸಿತು. ನಿಜವನ್ನು ಬರೆಯಲು ಆ ಜಾಗ ಎರಡು ಬೆರಳಗಲ ಮಾತ್ರ ಇತ್ತು. ‘ಬೇರೆ ಕೆಲಸ ಸಿಕ್ಕಿದೆ’ ಎಂದು ಬರೆದು ಕೊಟ್ಟ.

ಹೊಸ ತಂಡದ ನಡುವೃತ್ತಕ್ಕೆ ಯಾರೋ ಒಬ್ಬ ರೈಲ್ವೆ ಗುಮಾಸ್ತನನ್ನು ತೆಗೆದುಕೊಂಡರು. ಲಿಂಗನಿಗಿಂತ ನಾಲ್ಕು ಬೆರಳು ಗಿಡ್ಡ.

ಹೆತ್ತೆಯ ಹಬ್ಬ ಜನವರಿಯ ಮೊದಲ ಸೋಮವಾರ ಬಿತ್ತು. ಆ ದಿನಕ್ಕೆ ನಿಷೇಧ ಮುಗಿದಿತ್ತು, ಮಹಾಲಿಂಗಂ ಹೋದ. ಹೋಗದಿದ್ದರೆ ಸಿಟ್ಟು ಎನ್ನುತ್ತಾರೆ, ತುಮ್ಮನಟ್ಟಿಯವರೆಗೂ ಸುದ್ದಿ ಹೋಗುತ್ತದೆ. ಬಿಳಿ ಹೊದಿಕೆಯ ಸಾಲು ಹೊಲ ದಾಟಿ ರಸ್ತೆ ಮುಟ್ಟಿತ್ತು. ದಾರಿಯಲ್ಲಿ ಜೋಗಿ ಗೌಡ ಎದುರಾಗಿ, ಏನೂ ನಡೆದೇ ಇಲ್ಲ ಎಂಬಂತೆ ಬೆನ್ನು ತಟ್ಟಿ, ನೀ ಹೇಳಿದ್ದು ಸರಿ, ಇಂಥ ಹುಡುಗ ಈ ಗುಡಿಗೆ ಹಿಂದೆ ಬಂದದ್ದೇ ಇಲ್ಲ ಎಂದ.

ಎರಡು ಗಂಟೆಯ ಮೇಲೆ ಅವನ ಸರದಿ ಬಂತು. ಲಿಂಗ ಕಲ್ಲಿನ ಮೆಟ್ಟಿಲ ಮೇಲೆ ನಿಂತು, ಯಾರ ಕೈಯೂ ತಾಗದಂತೆ ಮೇಲಿನಿಂದಲೇ ಬೆಣ್ಣೆಯ ಉಂಡೆ ಬಿಡುತ್ತಿದ್ದ. ಮಹಾಲಿಂಗಂ ಬೊಗಸೆ ಒಡ್ಡಿದ. ಹಿಂದಿನವರ ನೂಕಾಟಕ್ಕೆ ಬೊಗಸೆ ಒಂದೆಡೆ ನಿಲ್ಲಲಿಲ್ಲ. ಬೆಣ್ಣೆ ನೇರವಾಗಿ ನಡುವಿಗೇ ಬಿತ್ತು.

ತುಟಿ ಅಲ್ಲಾಡಿದ್ದೂ ಕಾಣದಷ್ಟು ಮೆಲ್ಲಗೆ ಲಿಂಗ ಕೇಳಿದ. “ನಡುವೃತ್ತಕ್ಕೆ ಆರ ತಕ್ಕೊಂಡರು ಸಾರ್?”

ಮಹಾಲಿಂಗಂ ಹೇಳಲು ಬಾಯಿ ತೆರೆದ. ಗುಡಿಯ ಹುಡುಗನ ಜೊತೆ ಮಾತಾಡಬಾರದು ಎಂದು ಹಿಂದಿನವನು ಗದರಿ, ಅವನ ಭುಜಕ್ಕೆ ಕೈಹಾಕಿ ಮುಂದಕ್ಕೆ ದಬ್ಬಿದ. ಸಾಲು ಸರಿಯಿತು. ಮಹಾಲಿಂಗಂ ತಿರುಗಿ ನೋಡುವಷ್ಟರಲ್ಲಿ ನಡುವೆ ಹತ್ತು ಮುಂಡಾಸುಗಳಿದ್ದವು, ಅವುಗಳ ಮೇಲೆ ಲಿಂಗನ ತಲೆ ಕಾಣುತ್ತಿತ್ತು. ಅವನು ಮುಂದಿನ ಬೊಗಸೆಗೆ ಬೆಣ್ಣೆ ಬಿಡುತ್ತಿದ್ದ.