ಹೆಸರಿನ ಮುಂದಿನ ಅಕ್ಷರಗಳು

ಕೆನಡಾದ ಆಂಟೇರಿಯೊ ಪ್ರಾಂತ್ಯದ ಥಂಡರ್ ಬೇ ಪಟ್ಟಣದಲ್ಲಿ ರೇನೋ ಮತ್ತು ಐಲಿ ದಂಪತಿ ಒಂದೇ ಕಚೇರಿಯಲ್ಲಿ ಕೂತು ಊರವರ ಲೆಕ್ಕಪತ್ರ ನೋಡುತ್ತಿದ್ದರು. ಅವನು ಸಿಎ, ಅವಳು ಸಿಜಿಎ; ಲೆಕ್ಕಿಗರ ಎರಡು ಬೇರೆ ಬೇರೆ ಸಂಘಗಳು ಕೊಡುತ್ತಿದ್ದ ಪದವಿಗಳವು. ಮಕ್ಕಳನ್ನು ಮಲಗಿಸಿ, ಅಂಚೆಯಲ್ಲಿ ಬಂದ ಪಾಠ ಓದಿ ಪಾಸಾದವಳು ಐಲಿ. ಆದರೆ ಆಗಿನ ಕಾನೂನಿನಂತೆ ಆಂಟೇರಿಯೊದಲ್ಲಿ ಸಿಜಿಎಗಳ ಸಹಿ ಆಡಿಟ್‌ಗೆ ನಡೆಯುತ್ತಿರಲಿಲ್ಲ. ಊರಿನ ಫಿನ್ಲೆಂಡ್ ಮೂಲದವರ ವೃದ್ಧಾಶ್ರಮದ ಆಡಿಟ್‌ನಲ್ಲಿ ವರ್ಷವೂ ದುಡಿಯುವವಳು ಐಲಿ, ಸಹಿ ಹಾಕಿ ಕಾಫಿ ಕುಡಿದು ಬರುವವನು ರೇನೋ.

ಆಮೇಲೆ ಲೆಕ್ಕಿಗರ ಸಂಘಗಳೆಲ್ಲ ಒಂದಾಗಿ ಎಲ್ಲರೂ ಸಿಪಿಎ ಆದರು. ಸಿಎ, ಸಿಜಿಎ ಎಂಬ ಹಳೆಯ ಅಕ್ಷರಗಳು ಕೆಲವು ವರ್ಷ ಹೊಸದರ ಹಿಂದೆ ಬಾಲದಂತಿದ್ದು ಆಮೇಲೆ ಅವೂ ಹೋಗಬೇಕೆಂದಾಯಿತು. ಐಲಿ ಆಡಿಟ್ ಪರವಾನಗಿಯನ್ನೂ ಪಡೆದಳು.

ಶನಿವಾರ ಮನೆಯ ಸೌನಾದಲ್ಲಿ, ಹಬೆಸ್ನಾನದ ಕೋಣೆಯ ಬಿಸಿಯಲ್ಲಿ ಕೂತಿದ್ದಾಗ, ಈ ಸಲ ಆಶ್ರಮದ ಆಡಿಟ್‌ಗೆ ತಾನೇ ಸಹಿ ಹಾಕುವುದಾಗಿ ಹೇಳಿದಳು. ರೇನೋ ಕಾದ ಕಲ್ಲಿನ ಮೇಲೆ ನೀರು ಸುರಿದ.

"ಸಂಘಗಳು ಒಂದಾಗೋದು ಬೇಡ ಅಂತ್ಲೇ ನಾನು ಓಟು ಹಾಕಿದ್ದು," ಎಂದ.

"ನಂಗೆ ಹೇಳ್ಲೇ ಇಲ್ಲ?"

"ನಿನ್ನ ಮೇಲೆ ಸಿಟ್ಟಲ್ಲ ಕಣೇ. ನಾವು ಸಿಎಗಳು ಪಟ್ಟ ಪಾಡೇನು, ನೀವು ಓದಿದ್ದೇನು?"

"ನೀವು ಅಂದ್ರೆ ಯಾರು, ರೇನೋ?"

ಅವನು ಟವೆಲ್ ಎತ್ತಿಕೊಂಡು ಹೊರಗೆ ಹೋದ.

ಐಲಿ ಸಹಿ ಹಾಕಿದಳು. ಆಶ್ರಮದ ಮುಖ್ಯಸ್ಥೆ ಹೆಲ್ವಿ ರೇನೋನ ಸಹಿ ಕಾಣದೆ ಅನುಮಾನಗೊಂಡು ಅವನಿಗೆ ಫೋನ್ ಮಾಡಿದಳು. ಐಲಿಯ ಕೆಲಸ ಸರಿಯಾಗಿದೆ ಎಂದು ಅವನು ಹೇಳಿದ್ದರೆ ಮುಗಿಯುತ್ತಿತ್ತು. ತಾನು ನೋಡಿಲ್ಲ, ತನಗೆ ಗೊತ್ತಿಲ್ಲ ಎಂದುಬಿಟ್ಟ. ಮುಂದಿನ ವರ್ಷ ಆಶ್ರಮದ ಕೆಲಸ ಬೇರೆಯವರ ಪಾಲಾಯಿತು. ಕಾರಣ ಹೆಲ್ವಿಯ ಬಾಯಿಂದಲೇ ಕೇಳಿದ ಐಲಿ ಜಗಳವಾಡಲಿಲ್ಲ. ಬೇಕರಿಯ ಮೇಲೊಂದು ಕೋಣೆ ಕಚೇರಿಗೆಂದು ಬಾಡಿಗೆಗೆ ಹಿಡಿದು ತನ್ನ ಕುರ್ಚಿ ಮೇಜು ಅಲ್ಲಿಗೆ ಸಾಗಿಸಿದಳು. ಮನೆ ಮಾತ್ರ ಒಂದೇ ಉಳಿಯಿತು. ಅಲ್ಲಿ ಹಿಮ ಬಾಚುವುದು, ಮೊಮ್ಮಕ್ಕಳು ಬರುವುದು ಇಷ್ಟೇ ಮಾತು. ಕೆಲಸದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಹಳೆಯ ಅಕ್ಷರಗಳು ಪೂರ್ತಿ ಅಳಿದ ಚಳಿಗಾಲದಲ್ಲಿ ರೇನೋ ಒಂದು ಕಡತ ಹಿಡಿದು ಬೇಕರಿಯ ಮೇಲಿನ ಅವಳ ಕೋಣೆಗೆ ಮೆಟ್ಟಿಲು ಹತ್ತಿ ಬಂದ. ಮರದ ಮಿಲ್ಲೊಂದರ ಆಡಿಟ್. ಎಲ್ಲೋ ತಪ್ಪಿದೆ, ಎಲ್ಲೆಂದು ತಿಳಿಯುತ್ತಿಲ್ಲ, ಕಣ್ಣು ಮೊದಲಿನಂತಿಲ್ಲ ಎಂದ. ಆ ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಐಲಿಗೆ ಕಂಡಿತು.

"ಮಾಡ್ತೀನಿ. ಆದ್ರೆ ಸಹಿ ನಂದು," ಎಂದಳು.

"ಮಿಲ್ಲಿನವ್ರು ನನ್ನ ನಂಬಿ ಕೊಟ್ಟಿದ್ದು."

"ಹಾಗಾದ್ರೆ ನೀನೇ ನೋಡ್ಕೋ."

ಹೇಳಿದ ಮೇಲೂ ಅವಳ ಕಣ್ಣು ಆ ಕಡತದ ಮೇಲೇ ಇತ್ತು, ಮಾತು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ರೇನೋ ಕಡತ ಎತ್ತಿಕೊಂಡ. ಬಾಗಿಲ ಬಳಿ ನಿಂತು, ಸಂಜೆಗೆ ಮೀನು ತರಲೇ ಎಂದು ಕೇಳಿದ.

ತಾ ಎಂದಳು ಐಲಿ.