ಸ್ಟೋರ್ ರೂಮಿನ ಮಂಚ

ಮೇಲಿನ ಮಹಡಿಯ ಆ ಕೋಣೆಗೆ ಪಶ್ಚಿಮದಲ್ಲಿ ಗೋಡೆ ಎಂಬುದೇ ಇರಲಿಲ್ಲ. ನೆಲದಿಂದ ತಾರಸಿಯವರೆಗೆ ಒಂದೇ ಗಾಜು. ಮಧ್ಯಾಹ್ನ ಇಳಿಯತೊಡಗಿದರೆ ಸಾಕು, ಬಿಸಿಲು ಮುಷ್ಟಿ ಕಟ್ಟಿಕೊಂಡು ಅದನ್ನು ಗುದ್ದಲು ಶುರುಮಾಡುತ್ತಿತ್ತು.

ಮನೆ ಕಟ್ಟಿದವನು ಅಣ್ಣ, ಕಂಟ್ರಾಕ್ಟರ್. ಕಟ್ಟುವ ಮೊದಲೇ ಅದೇ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಯಾವ ಕೋಣೆ ಎಷ್ಟು ಕಾಯುತ್ತದೆ ಎಂದು ಲೆಕ್ಕ ಹಾಕಿದವಳು ತಂಗಿ. ಅದೇ ಅವಳ ಕಸುಬು. ಜನ ವಾಸಿಸುವ ಪ್ರತಿ ಕೋಣೆಯೂ ಬೇಸಗೆಯಲ್ಲಿ ಒಂದು ಮಿತಿಯೊಳಗೇ ಬಿಸಿಯಾಗಬೇಕು, ಇಲ್ಲದಿದ್ದರೆ ವಾಸದ ಪರವಾನಗಿ ಇಲ್ಲ ಎಂಬುದು ಹೊಸ ನಿಯಮ. ಅವಳ ಲೆಕ್ಕದಲ್ಲಿ ಇಡೀ ಮನೆ ಪಾಸು, ಈ ಗಾಜಿನ ಕೋಣೆ ಮಾತ್ರ ಫೇಲು. ಸ್ಕ್ರೀನಿನ ಮೇಲೆ ಅದೊಂದೇ ಹೊಡೆತ ತಿಂದ ಕಣ್ಣಿನ ಹಾಗೆ ಕೆಂಪಗಿತ್ತು.

"ಗಾಜು ಚಿಕ್ಕದು ಮಾಡು, ಇಲ್ಲಾಂದ್ರೆ ಹೊರಗಡೆ ನೆರಳಿಗೆ ಏನಾದ್ರೂ ಹಾಕ್ಸು," ಅಂದಿದ್ದಳು.

"ಲೇ ಥರ್ಮಾಮೀಟ್ರೇ, ಅಲ್ಲಿ ಯಾರೇ ಮಲಗ್ತಾರೆ? ಹಳೇ ಡಬ್ಬ, ಮುರುಕಲು ಕುರ್ಚಿ ಇಡೋಕೆ ಅದು. ಸ್ಟೋರ್ ಅಂತ ಹಾಕು, ಮುಗೀತು. ಅಮ್ಮಂಗೆ ಕೆಳಗಡೆ ರೂಮು ಇದ್ಯಲ್ಲ."

ಡಬ್ಬಗಳಿಗೆ ಸೆಕೆಯಾಗುವುದಿಲ್ಲ. ಹಾಗಾಗಿ ಸ್ಟೋರು ಎಷ್ಟು ಕಾದರೂ ನಿಯಮ ಕೇಳುವುದಿಲ್ಲ. ತಂಗಿ ಒಂದೇ ಒಂದು ಪದ ಬದಲಿಸಿದಳು. ಕೆಂಪು ಹೋಯಿತು. ಸರ್ಟಿಫಿಕೇಟಿಗೆ ಸಹಿ ಹಾಕಿದಳು.

ಇವತ್ತು ಪರವಾನಗಿ ಕಚೇರಿಯ ಅಧಿಕಾರಿ ಕೊನೆಯ ತಪಾಸಣೆಗೆ ಬಂದಿದ್ದರು. ಜೊತೆಗೆ ಅವಳೂ ಇರಬೇಕಿತ್ತು. ಪರವಾನಗಿಗೆ ಕಾಯದೆ ಅಣ್ಣ ಹೆಂಡತಿ, ಅಮ್ಮನೊಡನೆ ಆಗಲೇ ವಾಸಕ್ಕೆ ಬಂದಿದ್ದ. ಒಳಗೆ ಕಾಲಿಟ್ಟವಳೇ ಕೆಳಗಿನ ರೂಮಿಗೆ ಇಣುಕಿದಳು. ಅಮ್ಮನ ಮಂಚ ಇರಬೇಕಾದ ಜಾಗದಲ್ಲಿ ಅಣ್ಣನ ದೊಡ್ಡ ಮೇಜು, ತಿರುಗುವ ಕುರ್ಚಿ.

"ಇದೇನು, ಆಫೀಸಾ? ಅಮ್ಮ ಎಲ್ಲಿ ಅತ್ತಿಗೆ?"

"ಚಿಕ್ಕಮ್ಮನ ಮನೇಗೆ ಹೋಗಿದಾರೆ," ಎಂದ ಅತ್ತಿಗೆ ನೆಲವನ್ನೇ ನೋಡುತ್ತಿದ್ದಳು.

ಅಧಿಕಾರಿ ಅಡುಗೆಮನೆಯ ಕಿಟಕಿಯ ಸಂದಿಗಳನ್ನು ನೋಡುತ್ತಿದ್ದಾಗ ತಂಗಿ ಬಿಸಿ ಅಳೆಯುವ ಗನ್ನು ಹಿಡಿದು ಮೆಟ್ಟಿಲು ಹತ್ತಿದಳು. ಅಣ್ಣ ಹಿಂದೆಯೇ ಬಂದ. ಸ್ಟೋರಿಗೆ ಬೀಗ ಬಿದ್ದಿತ್ತು.

"ಕೀ ಕಳ್ದುಹೋಗಿದೆ. ಅದೇನ್ ನೋಡ್ತೀಯ, ಬರೀ ಡಬ್ಬ."

ಅವಳು ಬಾಗಿಲಿಗೆ ಗನ್ನು ಹಿಡಿದಳು. ಮರ ಹೆಂಚಿನ ಹಾಗೆ ಕಾದಿತ್ತು. ಕೆಳಗಿನ ಸಂದಿಯ ಬಿಸಿಯನ್ನೂ ನೋಡೋಣವೆಂದು ಬಗ್ಗಿದಳು.

ಸಂದಿಯಲ್ಲಿ ನಾಲ್ಕು ಬೆರಳ ತುದಿಗಳಿದ್ದವು. ಹೊರಗಿನ ತಣ್ಣನೆ ಟೈಲ್ಸನ್ನು ಮುಟ್ಟಿಕೊಂಡು ಸುಮ್ಮನೆ ಬಿದ್ದಿದ್ದವು. ಅದರಲ್ಲೊಂದು ಹಳೆಯ ಸುಟ್ಟಗಾಯದಿಂದ ಸೊಟ್ಟಗಾದ ಬೆರಳು. ಅದನ್ನೇ ಹಿಡಿದುಕೊಂಡು ಅವಳು ನಡೆಯಲು ಕಲಿತದ್ದು.

"ಅಮ್ಮಾ!"

ಅಣ್ಣನ ಅಂಗೈ ಅವಳ ಬಾಯಿಗೆ ಅಪ್ಪಳಿಸಿತು. "ಬಾಯ್ಮುಚ್ಚೇ! ಆ ಆಫೀಸರ್ ಹೋಗೋವರ್ಗೂ ಸುಮ್ನಿರು ಅಂತ ಅಮ್ಮಂಗೂ ಹೇಳಿದೀನಿ."

ಅವಳು ಅಂಗೈಯನ್ನು ಕಚ್ಚಿದಳು, ಹಲ್ಲಿಗೆ ಉಪ್ಪುಪ್ಪು ರಕ್ತ ಸಿಗುವವರೆಗೆ. ಅವನು ಬೊಬ್ಬೆ ಹೊಡೆದು ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಕಣ್ಣು ಕತ್ತಲೆ ಬಂತು, ತುಟಿ ಸೀಳಿತು. ಕೈಯಲ್ಲಿದ್ದ ಗನ್ನನ್ನೇ ತಿರುಗಿಸಿ ಅವನ ಮೂಗಿಗೆ ಬಾರಿಸಿದಳು. ಲಟಕ್ಕೆಂದಿತು. ಮುರಿದದ್ದು ಗನ್ನೋ ಮೂಗೋ ನೋಡಲು ಅವಳು ನಿಲ್ಲಲಿಲ್ಲ. ಹೊಟ್ಟೆಗೆ ಮೊಣಕಾಲು ಹಾಕಿದಳು. ಅವನು ನಾಲ್ಕು ಮೆಟ್ಟಿಲು ಉರುಳಿ ಕಂಬಿಗೆ ಸಿಕ್ಕಿಕೊಂಡ.

ಮೂಲೆಯಲ್ಲಿ ಗಾರೆಯವರು ಬಿಟ್ಟುಹೋದ ಹಾರೆಯಿತ್ತು. ಬೀಗಕ್ಕೆ ಒಂದೇಟು, ಇನ್ನೊಂದು. ಮೂರನೆಯದಕ್ಕೆ ಚಿಲಕವೇ ಕಿತ್ತು ಬಂತು.

ಒಳಗಿನ ಸೆಕೆ ಮುಖಕ್ಕೆ ರಾಚಿತು. ಮಂಚ, ಹಾಸಿಗೆ, ಖಾಲಿ ನೀರಿನ ಬಾಟಲಿ. ಬಾಗಿಲ ಬುಡದಲ್ಲಿ ಅಮ್ಮ ಬೋರಲಾಗಿ ಬಿದ್ದಿದ್ದಳು. ಮುಖ ಕೆಂಡ, ತುಟಿ ಒಡೆದ ಮಣ್ಣು. ತಂಗಿ ಅವಳನ್ನು ಕಂಕುಳಿಗೆ ಕೈಹಾಕಿ ಹೊರಗೆಳೆಯುತ್ತಿದ್ದಾಗ ಗಲಾಟೆ ಕೇಳಿ ಓಡಿಬಂದ ಅಧಿಕಾರಿ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟರು.

ಅಮ್ಮ ಕಣ್ಣು ತೆರೆದಳು. ಅಪರಿಚಿತರನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡಳು.

"ನಾನಿಲ್ಲಿ ಇರಲ್ಲ ಸಾರ್," ಅಂದಳು. "ಇದು ಸ್ಟೋರು."

ಅತ್ತಿಗೆ ನೀರಿನ ಚೊಂಬು ಹಿಡಿದು ಅಳುತ್ತಾ ಬಂದಳು. ಅಮ್ಮ ಒಂದೇ ಗುಕ್ಕಿಗೆ ಕುಡಿದಳು, ಉಳಿದದ್ದನ್ನು ತಲೆಗೆ ಸುರಿದುಕೊಂಡಳು.

ತಂಗಿ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು. ತುಟಿಯ ರಕ್ತ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. 'ಸ್ಟೋರ್' ಅಳಿಸಿ 'ಮಲಗುವ ಕೋಣೆ' ಎಂದು ಬರೆದಳು. ಕೆಂಪು ಮರಳಿ ಬಂತು.

"ಈ ಮನೆ ಫೇಲು ಸಾರ್."

"ಸರ್ಟಿಫಿಕೇಟಿನ ಮೇಲೆ ಸಹಿ ನಿಮ್ದೇ ಅಲ್ವಾ?" ಎಂದರು ಅಧಿಕಾರಿ ಮೆಲ್ಲಗೆ. "ನಿಮ್ ಲೈಸೆನ್ಸೂ ಹೋಗುತ್ತೆ."

"ಹೋಗ್ಲಿ. ಬರ್ಕೊಳ್ಳಿ."

"ಅಯ್ಯೋ ಮಾರಿ!" ಮೂಗಿನಿಂದ ರಕ್ತ ಸುರಿಸುತ್ತಾ ಅಣ್ಣ ಮೇಲೆ ಬಂದ. ಬಗ್ಗಿ ಹಾರೆ ಎತ್ತಿಕೊಂಡು ಲ್ಯಾಪ್‌ಟಾಪಿನ ಮೇಲೆ ಬೀಸಿದ. ಸ್ಕ್ರೀನು ಪುಡಿಪುಡಿ. ಮತ್ತೆ ಹಾರೆ ಎತ್ತಿದ. ಈ ಸಲ ಅದು ತಂಗಿಯ ನೆತ್ತಿಯ ನೇರಕ್ಕಿತ್ತು.

ಅವಳು ಕದಲಲಿಲ್ಲ. "ಬೀಸು. ಆ ಗಾಜಿಗೆ ಬೀಸಬೇಕಾಗಿತ್ತು ನೀನು, ಅಮ್ಮನ್ ಮಂಚ ಇಲ್ಲಿ ಹಾಕೋಕ್ ಮುಂಚೆ."

"ಲೋ."

ಕೂಗಲ್ಲ, ಗದರಿಕೆಯಲ್ಲ. ಅಮ್ಮ ಗೋಡೆ ಹಿಡಿದು ಎದ್ದು ಬಂದು, ಇದ್ದಬದ್ದ ಶಕ್ತಿಯನ್ನೆಲ್ಲ ಆ ಸೊಟ್ಟ ಬೆರಳಿನ ಕೈಗೆ ತಂದುಕೊಂಡು ಅವನ ಕಪಾಳಕ್ಕೆ ಬಿಟ್ಟಳು. ಅಧಿಕಾರಿಯೂ ಕೆನ್ನೆ ಮುಟ್ಟಿಕೊಂಡರು. ಹಾರೆ ಠಣ್ ಎಂದು ಟೈಲ್ಸಿನ ಮೇಲೆ ಬಿತ್ತು.

"ಮಂಚ ಕೆಳಗಿಳ್ಸು."

"ಅಮ್ಮಾ, ಅಲ್ಲಿ ನನ್ ಆಫೀಸು..."

"ಮೇಜು ಬೀದಿಗೆ ಹಾಕು. ಮಂಚ ಇಳ್ಸು. ನೀನೊಬ್ನೇ."

ಅಣ್ಣ ಒಬ್ಬನೇ ಮಂಚವನ್ನು ಎಳೆದ. ಒಂದೊಂದು ಮೆಟ್ಟಿಲಿಗೂ ಅದರ ಕಾಲು ಧಡ್ ಧಡ್ ಎಂದು ಬಡಿಯುತ್ತಾ, ಅವನ ಹೊಸ ಗೋಡೆಯ ಬಣ್ಣವನ್ನು ಉದ್ದಕ್ಕೂ ಕೆರೆಯುತ್ತಾ ಇಳಿಯಿತು. ಅಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತು, ಕೈ ಸೋಲುವವರೆಗೆ ಮಗಳ ತುಟಿಗೆ ಒದ್ದೆ ಸೆರಗು ಒತ್ತಿ ಹಿಡಿದಿದ್ದಳು.