ಬ್ಯಾಟರಿಗೊಂದು ಕೊಳವೆ ಮನೆ

"ಇಸ್ತ್ರಿ ಮಾಡುವಾಗ ಸುಟ್ಟಿತು ಅಂತ ಮಾತ್ರ ಹೇಳ್ಬೇಡ ಓನೊ. ನಮ್ಮನೇಲಿ ಇಸ್ತ್ರಿಪೆಟ್ಟಿಗೇನೇ ಇಲ್ಲ!"

ಲುಸ್ವಿ ಗಂಡನ ಚಡ್ಡಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದಳು. ಲಿಪಾ ಪೇಟೆಯಲ್ಲಿ, ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಟ್ರೈಸಿಕಲ್‌ಗಳ ಸಾಲಿನಲ್ಲಿ ಬಾಡಿಗೆಗೆ ಕಾಯುತ್ತಿದ್ದ ನಾವು ಐದಾರು ಮಂದಿ ಚಾಲಕರು ಕತ್ತು ಹೊರಳಿಸಿದೆವು. ಬಲಗಡೆ ಜೇಬಿನಲ್ಲಿ ಕಂದು ಅಂಚಿನ ತೂತು.

"ಚೂರು ಬಿಸಿ ಆಯ್ತು, ತೆಗೆದು ಮರಳಿಗೆ ಬಿಸಾಕ್ದೆ. ಅಷ್ಟೇ," ಎಂದ ಅವಳ ಗಂಡ ಓನೊಫ್ರೆ, ನಮ್ಮಲ್ಲೊಬ್ಬ ಚಾಲಕ.

"ಏನದು ಬಿಸಿ ಆಗಿದ್ದು?"

"ಸೇದೋ ವೇಪಿನ ಇನ್ನೊಂದು ಬ್ಯಾಟರಿ. ಚಿಲ್ಲರೆ ಜೊತೆ ಜೇಬಲ್ಲಿತ್ತು."

ಲುಸ್ವಿಯ ದನಿ ತಗ್ಗಿತು. "ನಾಳೆ ಬೆಳಿಗ್ಗೆ ಆರು ಮಕ್ಕಳನ್ನ ಕೂರಿಸ್ಕೊಂಡು ಶಾಲೆಗೆ ಹೋಗ್ತೀಯ. ಓಡೋ ಗಾಡೀಲಿ ತೊಡೆಗೆ ಬೆಂಕಿ ಹತ್ತಿದ್ರೆ ಹ್ಯಾಂಡಲ್ ಹಿಡೀತೀಯೋ, ಜೇಬು ಹಿಡೀತೀಯೋ? ಇದು ಸರಿಹೋಗೋ ತನಕ ನಿನ್ನ ಗಾಡಿ ಹತ್ತಿಸ್ಬೇಡಿ ಅಂತ ಆ ತಾಯಂದಿರಿಗೆಲ್ಲ ನಾನೇ ಹೇಳ್ತೀನಿ."

ನಮ್ಮಲ್ಲಿ ಒಬ್ಬಿಬ್ಬರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಓನೊ ಸಿಗರೇಟು ಬಿಟ್ಟು, ಆವಿ ಎಳೆಯುವ ಈ ವೇಪ್ ಹಿಡಿದು ಎರಡು ವರ್ಷ. ಅದರ ರಿಪೇರಿಯೆಲ್ಲ ಅವನದೇ, ಸಲಕರಣೆಯೆಲ್ಲ ಗುಜರಿಯಿಂದ. ಒಳಗಿನ ದ್ರವ ಕಾಯಿಸುವ ತಂತಿ ಸುತ್ತಲು ಸೈಕಲ್ ಚಕ್ರದ ಕಡ್ಡಿ, ಆ ದ್ರವ ಹೀರುವ ಹತ್ತಿ ತೆಗೆಯಲು ಕೊಡೆಕಡ್ಡಿಯ ಚಿಮಟ, ತೊಳೆಯಲು ಹಲ್ಲುಜ್ಜಿ ಸವೆದ ಬ್ರಷ್. ಸಾಲಿನಲ್ಲಿ ಅರ್ಧ ಮಂದಿಗೆ ಅವನೇ ರಿಪೇರಿ ಮಾಡಿಕೊಟ್ಟಿದ್ದ. ನನಗೂ.

"ಗುಜರಿ ಸಾಮಾನಲ್ಲಿ ಆಟ ಆಡಿದ್ರೆ ಹೀಗೇ ಆಗೋದು," ಎಂದಳು ಲುಸ್ವಿ.

"ಗುಜರಿಯನ್ನ ಬೈಬೇಡ ಮಾರಾಯ್ತಿ, ನನ್ನ ಅಂಗಡಿ ನಡೀತಿರೋದೇ ಅದರಿಂದ!" ಪಕ್ಕದ ರೇಡಿಯೋ ರಿಪೇರಿ ಅಂಗಡಿಯಿಂದ ಆತೆ ಪಿನಾ, ಅಂದರೆ ನಮ್ಮೆಲ್ಲರ ಪಿನಾ ಅಕ್ಕ, ಕನ್ನಡಕ ಹಣೆಗೇರಿಸಿಕೊಂಡು ಹೊರಬಂದಳು. "ತಾರೋ ಆ ಬ್ಯಾಟರಿ, ನೋಡೋಣ."

ಮರಳಿನಿಂದ ಹೆಕ್ಕಿಟ್ಟಿದ್ದ ಬ್ಯಾಟರಿಯನ್ನು ಓನೊ ಕೊಟ್ಟ. ಅದರ ಹಸಿರು ಹೊದಿಕೆ ಮೇಲ್ತುದಿಯಲ್ಲಿ ಹರಿದಿತ್ತು.

"ನೀವೇ ಹೇಳಿ ಆತೆ," ಎಂದ ಓನೊ. "ಮೇಲಿನ ಗುಂಡಿ ಒಂದು ಕೊನೆ, ತಳ ಇನ್ನೊಂದು ಕೊನೆ. ನಡುವೆ ಇಷ್ಟುದ್ದ ಇದೆ. ಒಂದು ನಾಣ್ಯ ಎರಡನ್ನೂ ಹೇಗೆ ಮುಟ್ಟುತ್ತೆ?"

ಆತೆ ಪಿನಾ ವಾದಿಸಲಿಲ್ಲ. ಕರೆಂಟು ಹರಿಯುವ ದಾರಿ ಇದ್ದರೆ ಸದ್ದು ಮಾಡುವ ಮೀಟರ್ ತಂದು, ಅದರ ಒಂದು ಕಡ್ಡಿಯನ್ನು ತಳಕ್ಕೂ ಇನ್ನೊಂದನ್ನು ಹೊದಿಕೆ ಹರಿದ ಜಾಗಕ್ಕೂ ಇಟ್ಟಳು. ಮೀಟರ್ ಕುಯ್ ಎಂದಿತು.

"ಕೇಳಿಸ್ತಾ? ನೀನು ತಳ ಅಂತೀಯಲ್ಲ, ಅದು ಮೈಯುದ್ದಕ್ಕೂ ಮೇಲಿನವರೆಗೆ ಬಂದಿದೆ. ಗುಂಡಿಗೂ ಅದಕ್ಕೂ ಉಳಿದಿರೋದು ಉಗುರಂಚಿನಷ್ಟು ಜಾಗ. ಇಷ್ಟು ದಿನ ಕಾಪಾಡಿದ್ದು ಈ ತೆಳು ಹೊದಿಕೆ. ಅದು ಹರಿದ ಮೇಲೆ ಒಂದು ಪೆಸೊ ನಾಣ್ಯ ಸಾಕು. ಹೊದಿಕೆ ಚೆನ್ನಾಗಿದ್ರೂ ಚಿಲ್ಲರೆ ಜೊತೆ ಇಡಬಾರದು."

ಓನೊ ಕಡ್ಡಿಗಳನ್ನು ಕಿತ್ತುಕೊಂಡು ತಾನೇ ಇಟ್ಟು ನೋಡಿದ. ಕುಯ್.

"ಹಾಗಾದ್ರೆ ಟೇಪು ಸುತ್ತಿಬಿಡ್ತೀನಿ."

"ಬಿಸಿಲಿಗೆ ಟೇಪು ಜಾರುತ್ತೆ. ಹೊದಿಕೆ ಮಾತ್ರ ಹರಿದಿದ್ರೆ ಹೊಸದು ಹಾಕಿಸ್ಬಹುದಿತ್ತು. ಒಂದ್ಸಲ ಹೀಗೆ ಕಾದ ಬ್ಯಾಟರಿ ಮುಗೀತು. ಇಲ್ಲೇ ಬಿಡು, ಹಳೇ ಬ್ಯಾಟರಿ ಕೊಂಡೊಯ್ಯೋರು ಬರ್ತಾರೆ."

"ಮನೇಲಿ ಸತ್ತ ಲ್ಯಾಪ್‌ಟಾಪಿಂದ ಬಿಚ್ಚಿದ್ದು ಎರಡಿದೆ..."

"ಅವನ್ನೂ ತಂದು ಇಲ್ಲಿಡು! ಸಲಕರಣೆ ಎಷ್ಟು ಬೇಕಾದ್ರೂ ಗುಜರೀಲಿ ಹುಡುಕು. ಬ್ಯಾಟರಿ ಮಾತ್ರ ಹುಡುಕ್ಬೇಡ. ಒಳಗೆ ಎಷ್ಟು ಹಾಳಾಗಿದೆಯೋ ಹೊರಗಿಂದ ಕಾಣಲ್ಲ."

"ಮತ್ತೆ ಹೊಸ ಬ್ಯಾಟರಿ ಇಡೋದೆಲ್ಲಿ?" ಲುಸ್ವಿ ಕೇಳಿದಳು.

ಆತೆ ಪಿನಾ ಅಂಗಡಿಯ ಮೂಲೆಯಿಂದ ನೀರಿನ ಪ್ಲಾಸ್ಟಿಕ್ ಕೊಳವೆಯ ತುಂಡೊಂದನ್ನು ಎಳೆದಳು. ಬ್ಯಾಟರಿ ಸಲೀಸಾಗಿ ಇಳಿಯುವಷ್ಟು ಅಗಲದ್ದು. ಮುಂದಿನ ಕೆಲಸ ಓನೊಗೆ ಹೇಳಿಕೊಡಬೇಕಾಗಲಿಲ್ಲ. ಬ್ಯಾಟರಿಗಿಂತ ಹೆಬ್ಬೆರಳಗಲ ಹೆಚ್ಚಿಗೆ ಬಿಟ್ಟು ಕೊಯ್ದ. ಹೊದಿಕೆಗೆ ತಾಗಿ ಹರಿಯದಂತೆ ಅಂಚನ್ನು ಉಪ್ಪುಕಾಗದದಿಂದ ಉಜ್ಜಿದ. ಹರಿದ ಹವಾಯಿ ಚಪ್ಪಲಿಯಿಂದ ಎರಡು ಬಿರಡೆ ಕೆತ್ತಿ ಎರಡೂ ಬಾಯಿಗೆ ಬಿಗಿದ. ಒಂದು ಕೊಳವೆಗೆ ಒಂದೇ ಬ್ಯಾಟರಿ.

"ಈ ಕೊಡೆಕಡ್ಡಿ ಚಿಮಟನೂ ಬೇಡ," ಎಂದಳು ಆತೆ ಪಿನಾ. ಮಾಂಸ ಸುಡುವ ಬಿದಿರು ಕಡ್ಡಿ ಎರಡನ್ನು ತೆಗೆದುಕೊಂಡು, ನಡುವೆ ರಬ್ಬರ್ ಚೂರಿಟ್ಟು, ಒಂದು ತುದಿಗೆ ದಾರ ಬಿಗಿದು ಚಿಮಟ ಮಾಡಿಕೊಟ್ಟಳು. "ಬಿದಿರಿನಲ್ಲಿ ಕರೆಂಟು ಹರಿಯಲ್ಲ. ಆದ್ರೂ ಬ್ಯಾಟರಿ ಹೊರಗೆ ತೆಗೆದು, ತಂತಿ ತಣ್ಣಗಾದ ಮೇಲೇ ಕೈ ಹಾಕು. ಹೊಸ ತಂತಿ ಸುತ್ತಿದ ದಿನ ಬ್ಯಾಟರಿ ಹಾಕೋ ಮೊದಲು ಇಲ್ಲಿ ಮೀಟರಲ್ಲಿ ಅಳೆಸ್ಕೊಂಡು ಹೋಗು."

"ಈ ಹಾಳು ವೇಪೇ ಬಿಡು ಅಂತ ಹೇಳಲ್ವಾ ಆತೆ?" ಎಂದಳು ಲುಸ್ವಿ.

"ಅದನ್ನ ದಿನಾ ಹೇಳ್ತೀನಿ. ಬಿಡೋ ತನಕ ಮೈ ಸುಟ್ಕೋಬಾರ್ದಲ್ಲ!"

ಅಣ್ಣಂದಿರೇ, ತಮ್ಮಂದಿರೇ, ಸೇದದವರು ಇದನ್ನು ಶುರು ಮಾಡಲೇಬೇಡಿ. ಸೇದುವವರು ಈಗಲೇ ಜೇಬಿಗೆ ಕೈ ಹಾಕಿ ನೋಡಿ. ಚಿಲ್ಲರೆ, ಬೀಗದ ಕೈ ಜೊತೆ ಬಿಡಿ ಬ್ಯಾಟರಿ ಇದೆಯೇ? ಹೊರಗೆ ತೆಗೆಯಿರಿ. ಹೊದಿಕೆ ಹರಿದಿದ್ದರೆ ಬಳಸಬೇಡಿ. ವೇಪಿನ ದ್ರವ ವಿಷ, ಮಕ್ಕಳ ಕೈಗೆ ಎಟುಕದಂತೆ ಎತ್ತಿಡಿ. ಒಂದು ಗೇಣು ಕೊಳವೆ ಯಾರ ಹಿತ್ತಿಲಲ್ಲಿಲ್ಲ ಹೇಳಿ? ಇವತ್ತೇ ಕೊಯ್ಯಿರಿ. ನಾನೂ ಕೊಯ್ದಿದ್ದೇನೆ.

ಮರುದಿನ ಬೆಳಿಗ್ಗೆ ಲುಸ್ವಿ ಗಾಡಿಯ ಹತ್ತಿರ ಬಂದು ಗಂಡನ ಜೇಬುಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು.

"ಪೊಲೀಸರೂ ಇಷ್ಟು ಹುಡುಕಲ್ಲ ಕಣೇ," ಎಂದ ಓನೊ.

"ಪೊಲೀಸರ ಮಕ್ಕಳು ನಿನ್ನ ಗಾಡೀಲಿ ಕೂರಲ್ವಲ್ಲ."

ಆಮೇಲೆ ಎಲ್ಲರಿಗಿಂತ ಚಿಕ್ಕ ಹುಡುಗಿಯನ್ನು ತಾನೇ ಎತ್ತಿ ಒಳಗೆ ಕೂರಿಸಿದಳು.